ಚಿತ್ರಪಟದ ಶ್ರೀರಾಮನೂ ಧ್ಯಾನದ ಶ್ರೀರಾಮನೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಚಾಂದ್‌ಖೇಡಾದ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಸಾಯಂಕಾಲ ಐದಾರು ಕನ್ನಡ ಕುಟುಂಬಗಳವರು ಸೇರಿ ಶ್ರೀಮದಾಚಾರ್ಯರ ಮಹಾಭಾರತತಾತ್ಪರ್ಯನಿರ್ಣಯದ ಪಾಠವನ್ನು ಕ್ರಮವಾಗಿ ನಡೆಸಿಕೊಂಡು ಬರುತ್ತಿದ್ದೇವೆ. ಅದರಲ್ಲಿ ಮೂರನೆಯ ಅಧ್ಯಾಯದಿಂದ ಒಂಬತ್ತನೆಯದರವರೆಗೆ ಶ್ರೀರಾಮಾವತಾರದ ಕಥೆ. ಆ ಭಾಗ ನಡೆಯುತ್ತಿದ್ದಾಗ ಒಂದು ಸಂಜೆ, ಮಂಗಳಾರತಿಯಾಗಿ ಎಲ್ಲರೂ ಹೊರಟ ಮೇಲೆ, ತರುಣನೊಬ್ಬ ಹಿಂದೆ ಉಳಿದನು. ಧಾರವಾಡದ ಕಡೆಯ ಮನೆತನ. ಇಲ್ಲಿಯೇ ಹುಟ್ಟಿ ಬೆಳೆದವನು. ವಯಸ್ಸು ಮೂವತ್ತು ದಾಟಿದೆ, ಒಂದು ಮಗುವಿನ ತಂದೆ. “ಕಾಕಾ, ಒಂದು ಮಾತು ಕೇಳೂದಿತ್ರಿ” ಎಂದು ಸಂಕೋಚದಿಂದ ಪ್ರಾರಂಭಿಸಿ, “ಜಪಕ್ಕ ಕೂತ್ರ ಆ ಕಾರ್ಟೂನಿನ ರಾಮನ ಮಾರೀನ ಕಣ್ಣ ಮುಂದ ಬರ್ತದ. ಬ್ಯಾರೆ ಬರೂದೇ ಇಲ್ಲ. ಇದು ದೋಷ ಏನ್ರಿ?” ಎಂದನು. (ಕಾಕಾ ಎಂಬ ಸಂಬೋಧನೆ ಧಾರವಾಡಕ್ಕೂ ಗುಜರಾತಕ್ಕೂ ಸಮಾನವಾದುದರಿಂದ ಇಲ್ಲಿ ನಮಗೆ ಊರೆಲ್ಲವೂ ಅಣ್ಣನ ಮಕ್ಕಳೇ.)

ವಿಚಾರಿಸಲಾಗಿ ಸಂಗತಿ ಹೊರಬಿದ್ದಿತು. ಜಪಾನಿನವರು ತಯಾರಿಸಿದ ರಾಮಾಯಣದ ಚಿತ್ರವನ್ನು ಇವನು ಚಿಕ್ಕಂದಿನಲ್ಲಿ ದೂರದರ್ಶನದ ಪೆಟ್ಟಿಗೆಯಲ್ಲಿ ಹಲವು ಸಲ ನೋಡಿದ್ದನು. 2025ರ ಜನವರಿ 24ರಂದು ಅದೇ ಚಿತ್ರ ಹೊಸ ಸಂಸ್ಕರಣದೊಂದಿಗೆ ದೇಶದ ಚಿತ್ರಮಂದಿರಗಳಿಗೆ ಬಂದಾಗ ಎರಡು ಸಲ ಹೋಗಿ ಬಂದನು. ಎರಡು ಸಲವೂ ಕಣ್ಣೀರು ಬಂದಿತಂತೆ. ಅದರ ಭಿತ್ತಿಪತ್ರ ಈಗ ಅವನ ಕೋಣೆಯ ಗೋಡೆಯ ಮೇಲಿದೆ. ತಂದೆಯವರದು ಒಂದು ಆಕ್ಷೇಪ: ಸಮುದ್ರದಾಚೆಯವರು ಬರೆದ ರಾಮ ನಮಗೇಕೆ? ಹೆಂಡತಿಯದು ಇನ್ನೊಂದು: ಮಗಳಿಗೆ ಐದು ವರ್ಷ ತುಂಬಿದರೂ ಅಪ್ಪನಿಗೆ ಇನ್ನೂ ಹತ್ತೇ ವರ್ಷ. ಎರಡು ಆಕ್ಷೇಪಗಳೂ ವಿಚಾರಾರ್ಹವಾಗಿವೆ. ಆದರೆ ಅವು ಬೇರೆ ಬೇರೆ. ಒಂದಕ್ಕೆ ಕೊಡುವ ಉತ್ತರ ಮತ್ತೊಂದಕ್ಕೆ ಸಲ್ಲದು.

ಮೊದಲನೆಯದನ್ನು ನೋಡೋಣ. ಯೂಗೋ ಸಾಕೋ ಎಂಬ ಜಪಾನೀ ನಿರ್ಮಾಪಕರು 1983ರಲ್ಲಿ ಭಾರತಕ್ಕೆ ಬಂದುದು ಬೇರೆಯೇ ಕಾರ್ಯಕ್ಕಾಗಿ. ಪುರಾತತ್ತ್ವಜ್ಞ ಬಿ. ಬಿ. ಲಾಲ್ ಅವರು ಉತ್ತರಪ್ರದೇಶದಲ್ಲಿ ನಡೆಸಿದ ಉತ್ಖನನಗಳ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ತೆಗೆಯುತ್ತಿದ್ದರು. ಪತ್ರಿಕೆಯ ವರದಿಯಿಂದ ಅಪಾರ್ಥವಾಗಿ, ಪರದೇಶೀಯರು ರಾಮಾಯಣವನ್ನು ಮನಬಂದಂತೆ ಚಿತ್ರೀಕರಿಸಬಾರದೆಂದು ವಿಶ್ವ ಹಿಂದೂ ಪರಿಷತ್ತಿನಿಂದ ಜಪಾನಿನ ರಾಯಭಾರ ಕಚೇರಿಗೆ ಪ್ರತಿಭಟನೆಯ ಪತ್ರ ಹೋಯಿತು. ಅಪಾರ್ಥವೇನೋ ನಿವಾರಣೆಯಾಯಿತು. ಆದರೆ ಆ ಪತ್ರದಿಂದಾದ ಫಲ ವಿಚಿತ್ರ: ಇಷ್ಟು ಜನ ಇಷ್ಟೊಂದು ಕಳವಳಪಡುವ ಗ್ರಂಥ ಯಾವುದೆಂದು ಸಾಕೋ ಅವರು ರಾಮಾಯಣದ ಹತ್ತು ಜಪಾನೀ ಆವೃತ್ತಿಗಳನ್ನು ಓದಿದರು. ಶ್ರೀರಾಮನು ದೇವರಾದುದರಿಂದ ನಟನೊಬ್ಬನಿಂದ ಆಡಿಸುವುದಕ್ಕಿಂತ ಚಿತ್ರದಲ್ಲಿ ಬರೆಯುವುದೇ ಯುಕ್ತವೆಂಬುದು ಅವರು ತಲುಪಿದ ನಿರ್ಣಯ. ನಮ್ಮವರಲ್ಲಿ ಎಷ್ಟು ಮಂದಿ ಇಷ್ಟು ಯೋಚಿಸಿದ್ದಾರು! ಮುಂಬಯಿಯ ರಾಮಮೋಹನರು ಜೊತೆಗೂಡಿದರು. ಧೋತರ ಉಡುವ ರೀತಿ, ಚಿಕ್ಕವರು ಹಿರಿಯರಿಂದ ಆಶೀರ್ವಾದ ಪಡೆಯುವ ಕ್ರಮ, ಇವನ್ನೆಲ್ಲ ಭಾರತೀಯ ಕಲಾವಿದರು ಜಪಾನಿನವರಿಗೆ ಕಲಿಸಿದರು. ಸುಮಾರು 450 ಕಲಾವಿದರು ಕೈಯಿಂದಲೇ ಬರೆದ ಸುಮಾರು ಒಂದು ಲಕ್ಷ ಚಿತ್ರಗಳಿಂದ ಅದು ಸಿದ್ಧವಾಯಿತು. 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇಂಗ್ಲಿಷ್ ಆವೃತ್ತಿಯ ಹಾಡುಗಳು ಸಂಸ್ಕೃತದಲ್ಲಿವೆ ಎಂಬುದು ನಮಗೆ ಬಹಳ ಸಂತೋಷವನ್ನುಂಟುಮಾಡಿದ ಸಂಗತಿ. ಸಾಕೋ ಅವರು 2012ರಲ್ಲಿ ತೀರಿಕೊಂಡರು. ಮೂವತ್ತೆರಡು ವರ್ಷಗಳ ನಂತರದ ಈ ಬಿಡುಗಡೆಯನ್ನು ಕಾಣಲಿಲ್ಲ.

ನಟನ ವಿಷಯ ಬಂದುದರಿಂದ ಒಂದು ಮಾತು. 1987ರ ಜನವರಿಯಿಂದ ದೂರದರ್ಶನದಲ್ಲಿ ಬಂದ ರಾಮಾಯಣ ಧಾರಾವಾಹಿಯ ಚಿತ್ರೀಕರಣ ನಡೆದುದು ಇದೇ ಗುಜರಾತದ ಉಂಬರಗಾಂವದಲ್ಲಿ. ನಮ್ಮ ಪಶ್ಚಿಮ ರೈಲ್ವೆಯ ಮುಖ್ಯಮಾರ್ಗದ ನಿಲ್ದಾಣವದು. ಆಗ ಜನರು ದೂರದರ್ಶನದ ಪೆಟ್ಟಿಗೆಗೆ ಹಾರ ಹಾಕಿದರು, ರಾಮನ ಪಾತ್ರಧಾರಿ ಕಂಡಲ್ಲಿ ಕಾಲಿಗೆರಗಿದರು. ಅದನ್ನು ದೋಷವೆನ್ನದವರು ಚಿತ್ರದ ರಾಮನನ್ನು ಮಾತ್ರ ದೋಷವೆನ್ನುವುದು ಹೇಗೆ?

ಶಾಸ್ತ್ರವೇನು ಹೇಳುತ್ತದೆ? ಭಾಗವತದ ಏಕಾದಶಸ್ಕಂಧದಲ್ಲಿ ಭಗವಂತನು ಉದ್ಧವನಿಗೆ ಪ್ರತಿಮೆಯ ಎಂಟು ಪ್ರಕಾರಗಳನ್ನು ಉಪದೇಶಿಸಿದ್ದಾನೆ: ಶಿಲೆಯದು, ಮರದ್ದು, ಲೋಹದ್ದು, ಲೇಪದ್ದು, ಬರೆದದ್ದು, ಮರಳಿನದು, ಮನಸ್ಸಿನದು, ರತ್ನದ್ದು. ಬರೆದ ಚಿತ್ರಕ್ಕೆ, ಅಂದರೆ ಲೇಖ್ಯಕ್ಕೆ, ಸ್ಥಾನವಿದ್ದೇ ಇದೆ. ಬರೆದವನ ದೇಶ ಯಾವುದೆಂದು ಅಲ್ಲಿ ಕೇಳಿಲ್ಲ. ಆದರೆ ಪ್ರತಿಮೆಯೇ ಭಗವಂತನಲ್ಲ. ಪ್ರತೀಕವನ್ನೇ ಬ್ರಹ್ಮವೆಂದು ತಿಳಿಯಬಾರದೆಂಬುದು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ನಿರ್ಣಯ. ಪ್ರತಿಮೆಯಲ್ಲಿ ಸನ್ನಿಹಿತನಾದ, ಅದಕ್ಕಿಂತ ಅತ್ಯಂತ ಭಿನ್ನನಾದ ಶ್ರೀಹರಿಯನ್ನು ಉಪಾಸಿಸಬೇಕು. ಹೀಗಿರುವಲ್ಲಿ ಟೋಕಿಯೋದಲ್ಲಿ ಬರೆದ ಮುಖವಾಗಲಿ ಶಿವಕಾಶಿಯ ಪಂಚಾಂಗದ ಮುಖವಾಗಲಿ, ಶ್ರೀರಾಮನ ಅಪ್ರಾಕೃತ ರೂಪಕ್ಕೆ ಎರಡೂ ಸಮಾನ ದೂರ.

ನಿಜವಾದ ಕೊರತೆ ಚಿತ್ರದ ರೇಖೆಯಲ್ಲಿಲ್ಲ, ತಾತ್ಪರ್ಯದಲ್ಲಿದೆ. ಪತ್ನೀವಿಯೋಗದಿಂದ ನೊಂದ, ಯುದ್ಧದ ಸಾವುನೋವಿಗೆ ಮರುಗುವ ರಾಜಕುಮಾರನನ್ನು ಆ ಚಿತ್ರ ತೋರಿಸುತ್ತದೆ. ಶ್ರೀರಾಮನಿಗೆ ದುಃಖವೂ ಇಲ್ಲ, ಅಜ್ಞಾನವೂ ಇಲ್ಲ. ಕಾಣಿಸಿದುದು ಕೇವಲ ಲೋಕವಿಡಂಬನೆ ಎಂಬುದು ಆಚಾರ್ಯರ ಸಿದ್ಧಾಂತ. ರಾವಣನು ಒಯ್ದುದೂ ಸೀತಾಕೃತಿಯನ್ನೇ ಹೊರತು ಜಗನ್ಮಾತೆಯನ್ನಲ್ಲ. ಇದನ್ನು ಜಪಾನಿನವರಿಂದ ನಿರೀಕ್ಷಿಸುವಂತಿಲ್ಲ. ಮನೆಯಲ್ಲಿ ಹಿರಿಯರು ಹೇಳಬೇಕಾಗಿತ್ತು. ನಮ್ಮ ದೇಶದ್ದೇ ಆದ ‘ಛೋಟಾ ಭೀಮ್’ 2008ರಿಂದ ಮಕ್ಕಳನ್ನು ಆಳುತ್ತಿದೆ. ಭೀಮಸೇನನು ಲಾಡು ತಿಂದೇ ಬಲ ಪಡೆದನೇ ಎಂದು ನಮ್ಮ ಮೊಮ್ಮಗಳೇ ನಮ್ಮನ್ನು ಕೇಳಿದ್ದಾಳೆ. ಆ ಬಾಲಕ ಮಹಾಭಾರತದ ಭೀಮನಲ್ಲವೆಂದು ತಿಳಿಸುವುದರೊಳಗೆ ನಮಗೆ ಸಾಕುಸಾಕಾಯಿತು. ವಾಯುದೇವರ ದ್ವಿತೀಯಾವತಾರದ ಹೆಸರು ಹೀಗೆ ಬಳಕೆಯಾಗುವಾಗ ಸುಮ್ಮನಿರುವ ನಾವು, ಹತ್ತು ರಾಮಾಯಣ ಓದಿ ಚಿತ್ರ ಬರೆಸಿದವನನ್ನು ಪರಕೀಯನೆಂದು ದೂರುವುದು ಸಲ್ಲದು.

ಎರಡನೆಯ ಆಕ್ಷೇಪ ಕಠಿಣವಾದುದು. ಬೆಳೆದ ಗೃಹಸ್ಥನು ಬಾಲ್ಯದ ಆಟಿಕೆಗೆ ಮರಳುವುದೇಕೆ? ಇಂದು ಇದು ಎಲ್ಲೆಡೆಯೂ ಕಾಣುತ್ತಿದೆ. 1993ರಲ್ಲಿ ದೂರದರ್ಶನದಲ್ಲಿ ಬಂದ ಜಪಾನಿನ ಮೋಗ್ಲಿಯ ಚಿತ್ರದ ಹಿಂದೀ ಹಾಡನ್ನು ಇಂದಿಗೂ ನಲವತ್ತು ದಾಟಿದವರು ಕಣ್ಣರಳಿಸಿ ಹಾಡುತ್ತಾರೆ. ನಮಗೆ ಮೊದಲು ಬಾಯಿಗೆ ಬಂದುದು ಗದರಿಕೆಯ ಮಾತೇ. ಆದರೆ ತಡೆದೆವು, ಉಡುಪಿಯ ಶ್ರೀಕೃಷ್ಣನು ನೆನಪಿಗೆ ಬಂದನು. ದೇವಕಿಗೆ ಮಗನ ಬಾಲಲೀಲೆಯನ್ನು ಕಾಣುವ ಆಸೆಯಾಯಿತೆಂದೂ, ಆ ರೂಪವನ್ನು ಕಂಡ ರುಕ್ಮಿಣಿಯು ವಿಶ್ವಕರ್ಮನಿಂದ ಪ್ರತಿಮೆಯನ್ನು ಮಾಡಿಸಿದಳೆಂದೂ ಐತಿಹ್ಯ. ಈ ಗುಜರಾತದ ದ್ವಾರಕೆಯಿಂದಲೇ ಗೋಪೀಚಂದನದ ಗಡ್ಡೆಯೊಳಗೆ ಹಡಗಿನಲ್ಲಿ ಅದು ಮಲ್ಪೆಗೆ ಬಂದಿತು. ಕಡಗೋಲು ನೇಣುಗಳನ್ನು ಹಿಡಿದ ಆ ಬಾಲರೂಪವನ್ನು ಯತಿಗಳು, ವೃದ್ಧರು ಏಳು ಶತಮಾನಗಳಿಂದ ಅಲಂಕರಿಸಿ ನೋಡುತ್ತಿದ್ದಾರೆ. ಆದುದರಿಂದ ದೊಡ್ಡವರು ಶಿಶುರೂಪದಲ್ಲಿ ಆಸಕ್ತರಾಗುವುದೇ ದೋಷವೆನ್ನಲಾಗದು. ಅವರು ನೋಡುವುದು ಭಗವಂತನ ಬಾಲ್ಯವನ್ನೋ ತಮ್ಮ ಬಾಲ್ಯವನ್ನೋ ಎಂಬುದಷ್ಟೇ ಪ್ರಶ್ನೆ.

ಇದನ್ನೇ ಆ ತರುಣನನ್ನು ಕೇಳಿದೆವು. ಚಿತ್ರಮಂದಿರದಲ್ಲಿ ಕಣ್ಣೀರು ಬಂದುದು ಯಾವಾಗ? ಅವನು ಬಹಳ ಹೊತ್ತು ಯೋಚಿಸಿ ಪ್ರಾಮಾಣಿಕವಾಗಿ ಹೇಳಿದನು: “ಚಿತ್ರ ಸುರು ಆಗೂ ಮೊದಲೇ ಬಂತ್ರಿ ಕಾಕಾ. ಅಜ್ಜಿ ನೆನಪಾತು. ಬಾಜೂಕ ಕೂತು ನೋಡ್ತಿದ್ಲು.”

ಅವಳ ನೆನಪೂ ಒಳ್ಳೆಯದೇ ಎಂದೆವು. ಜಪದ ಹೊತ್ತಿಗೆ ಅದನ್ನು ಬೇರೆ ಇಡಬೇಕು. ಆ ಮುಖವನ್ನು ಬಲವಂತದಿಂದ ಓಡಿಸಹೋದರೆ ಅದೇ ಇನ್ನಷ್ಟು ಹತ್ತಿರ ಬರುವುದು. ಭಾಗವತದ ತೃತೀಯಸ್ಕಂಧದಲ್ಲಿ ಕಪಿಲರೂಪಿ ಭಗವಂತನು ತಾಯಿ ದೇವಹೂತಿಗೆ ಧ್ಯಾನಕ್ರಮವನ್ನು ಹೇಳಿದ್ದಾನೆ. ಅಲ್ಲಿ ಧ್ಯಾನವು ಮುಖದಿಂದ ಆರಂಭವಾಗುವುದಿಲ್ಲ. ವಜ್ರ, ಅಂಕುಶ, ಧ್ವಜ, ಪದ್ಮಗಳ ರೇಖೆಗಳುಳ್ಳ ಪಾದದಿಂದ ತೊಡಗಿ, ಒಂದೊಂದು ಅಂಗದಲ್ಲಿ ಮನಸ್ಸು ನಿಂತ ಮೇಲೆ ಮೇಲಕ್ಕೇರಿ, ಕಡೆಗೆ ಮಂದಹಾಸಕ್ಕೆ ಬರಬೇಕು. “ನಿನ್ನ ಚಿತ್ರದ ರಾಮನ ಪಾದ ಹೇಗಿದ್ದವಪ್ಪಾ?” ಎಂದು ಕೇಳಿದೆವು. ಅಷ್ಟು ಸಲ ನೋಡಿದವನಿಗೆ ಅದೊಂದು ನೆನಪಿರಲಿಲ್ಲ. ದೊಡ್ಡ ಕಣ್ಣುಗಳನ್ನು ಬರೆಯುವುದರಲ್ಲಿ ಆ ದೇಶದವರು ನಿಪುಣರು. ಪಾದವನ್ನು ಯಾರೂ ನೋಡಿರುವುದಿಲ್ಲ. ಹಾಗಾದರೆ ಅಲ್ಲಿಂದಲೇ ಪ್ರಾರಂಭಿಸು, ಆ ಸ್ಥಳ ಖಾಲಿ ಇದೆ ಎಂದು ಹೇಳಿ ಕಳುಹಿಸಿದೆವು. ಗೋಡೆಯ ಭಿತ್ತಿಪತ್ರದ ವಿಷಯವಾಗಿ ನಾವೇನೂ ಹೇಳಲಿಲ್ಲ.

ಮೂರು ಶನಿವಾರಗಳ ತರುವಾಯ ಪಾಠಕ್ಕೆ ಬಂದವನು, ನಾವು ಕೇಳುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದನು: “ಕಾಕಾ, ಇನ್ನೂ ಮೊಣಕಾಲ ತನಕ ಬಂದೀನ್ರಿ.”

॥ ಶ್ರೀಕೃಷ್ಣಾರ್ಪಣಮಸ್ತು ॥