ಕೀಲಿಕೈ ಯಾರ ಹತ್ರ ಐತ್ರಿ?

ಗದಗ-ಬೆಟಗೇರಿ ಕಾಗದದ ಮೇಲೆ ಒಂದೇ ಊರು. ಒಂದು ನಗರಸಭೆ, 35 ವಾರ್ಡು, 2011ರ ಜನಗಣತಿಯಂತೆ ಸುಮಾರು 1.72 ಲಕ್ಷ ಜನ. ಇಲ್ಲಿನ ಕೆಲವು ಓಣಿಗಳಲ್ಲಿ ಯಾರಿಗೆ ಏನು ಬೇಕು, ಯಾರ ಹತ್ತಿರ ಏನಿದೆ ಎಂದು ನಕ್ಷೆಯಲ್ಲಿ ಗುರುತಿಸುವ ಕೆಲಸಕ್ಕೆ ನಾವು ಐದಾರು ಜನ ಇಳಿದೆವು. ಎರಡು ತಿಂಗಳಲ್ಲಿ ಮುಗಿದೀತು ಅಂದುಕೊಂಡಿದ್ದು ಎರಡು ವರ್ಷ ಹಿಡಿಯಿತು.

1. ‘ಏನು ಕಷ್ಟ?’ ಎಂದು ಶುರು ಮಾಡಬಾರದು

ನಮ್ಮ ಮೊದಲ ಫಾರಂನಲ್ಲಿ 40 ಪ್ರಶ್ನೆ. ಬಹುಪಾಲು ಇಲ್ಲದ್ದರ ಬಗ್ಗೆಯೇ. ಮೂರೇ ದಿನಕ್ಕೆ ಉತ್ತರಗಳು ನಮಗೆ ಬಾಯಿಪಾಠವಾದವು: ನೀರು, ಗಟಾರ, ರಸ್ತೆ, ಬೀದಿದೀಪ. ಬೆಟಗೇರಿಯ ಅಜ್ಜಿಯೊಬ್ಬಳು ಕಟ್ಟೆಯಿಂದ ಏಳದೆಯೇ ಅಂದಳು: “ಹ್ವಾದ ವರ್ಷನೂ ಹಿಂಗ ಬರಕೊಂಡು ಹ್ವಾದ್ರಪಾ. ಆ ಹಾಳಿ ಎಲ್ಲಿ ಒಗದ್ರೋ ಏನೋ.” ಪೆನ್ನು-ಹಾಳೆ ಹಿಡಿದವರನ್ನು ಕಂಡರೆ ಜನ ಅರ್ಜಿ ಒಪ್ಪಿಸುತ್ತಾರೆ. ಅರ್ಜಿ ಸುಳ್ಳಲ್ಲ. ಆದರೆ ಅದರಲ್ಲಿ ಊರು ಕಾಣುವುದಿಲ್ಲ.

ಆಮೇಲೆ ಮೂರು ಪ್ರಶ್ನೆ ಮಾತ್ರ ಉಳಿಸಿಕೊಂಡೆವು. ನಡುರಾತ್ರಿ ಕೂಸಿಗೆ ಜ್ವರ ಬಂದರೆ ಯಾರ ಬಾಗಿಲು ಬಡಿಯುತ್ತೀರಿ? ಬೆಳಗಾಗುವುದರೊಳಗೆ ಐದು ಸಾವಿರ ಬೇಕಾದರೆ ಯಾರನ್ನು ಕೇಳುತ್ತೀರಿ? ಪಿಂಚಣಿ ಅರ್ಜಿ ಯಾರ ಕೈಲಿ ತುಂಬಿಸುತ್ತೀರಿ? ಈಗ ಉತ್ತರವಾಗಿ ಹೆಸರುಗಳು ಬಂದವು. ಒಂದೇ ಓಣಿಯ ಹನ್ನೊಂದು ಮನೆಯವರು ಮೂರನೆಯದಕ್ಕೆ ಝೆರಾಕ್ಸ್ ಅಂಗಡಿಯ ಒಬ್ಬಳೇ ಹುಡುಗಿಯ ಹೆಸರು ಹೇಳಿದರು. ಅವಳು ಯಾವ ಸರ್ಕಾರಿ ಪಟ್ಟಿಯಲ್ಲೂ ಇಲ್ಲ.

ಇರುವುದರಿಂದ ಶುರು ಮಾಡಿ ಎಂದು ಅಮೆರಿಕದ ಜಾನ್ ಕ್ರೆಟ್ಜ್‌ಮನ್, ಜಾನ್ ಮೆಕ್‌ನೈಟ್ ಇಬ್ಬರೂ 1993ರಲ್ಲೇ ಪುಸ್ತಕ ಬರೆದಿದ್ದರು. ನಾವು ಅದರ ಹೆಸರು ಕೇಳಿದ್ದು ಅಜ್ಜಿಯ ಕೈಲಿ ಅನ್ನಿಸಿಕೊಂಡ ಮೇಲೆ.

2. ಓಣಿ ಸುತ್ತುವವರನ್ನು ಮೊದಲು ಹುಡುಕಬೇಕು

ಆಶಾ ಕಾರ್ಯಕರ್ತೆಯ ಹತ್ತಿರ ಬಸುರಿಯರ ಪಟ್ಟಿ ಇರುತ್ತದೆ, ಅಂಗನವಾಡಿಯಲ್ಲಿ ಮಕ್ಕಳ ರಿಜಿಸ್ಟರು. ಎರಡೂ ಕಷ್ಟಪಟ್ಟು ಬರೆದಿಟ್ಟವೇ. ಆದರೂ ಬಳೆ ಮಾರುವ ಅಕ್ಕನ ಜೊತೆ ಕೂತು ತಾಳೆ ನೋಡಿದಾಗ ಪಟ್ಟಿಯಲ್ಲಿಲ್ಲದ ಇಬ್ಬರು ಬಸುರಿಯರು ಸಿಕ್ಕರು. ಇಬ್ಬರೂ ಬೇರೆ ಊರಿಂದ ಬಂದು ಬಾಡಿಗೆಗೆ ಇದ್ದವರು. ಕುಬಸಕ್ಕೆ ಹಸಿರು ಬಳೆ ಬೇಕೆಂದು ಹೇಳಿಟ್ಟಿದ್ದರಿಂದ ಅಕ್ಕನಿಗೆ ಗೊತ್ತು. ಯಾವ ಮನೆಯಲ್ಲಿ ಕುಬಸ, ಯಾವ ಮನೆಯಲ್ಲಿ ಮದುವೆ, ಯಾರು ಈ ಸಲ ಉದ್ರಿ ಕೇಳಿದರು, ಇವೆಲ್ಲ ಆಕೆಯ ತಲೆಯಲ್ಲಿ.

3. ವಾರ್ಡಿನ ಗೆರೆ ಓಣಿಯ ಗೆರೆಯಲ್ಲ

ಬೆಟಗೇರಿಯವರು ಇವತ್ತಿಗೂ “ಗದಗಕ್ಕ ಹೋಗಿ ಬರ್ತೀನಿ” ಅನ್ನುತ್ತಾರೆ. ಒಂದೇ ಓಣಿಯ ಎಡಗಡೆ ಒಬ್ಬ ಸದಸ್ಯ, ಬಲಗಡೆ ಇನ್ನೊಬ್ಬ ಇದ್ದರೆ ನಡುವಿನ ಗಟಾರ ಯಾರದೂ ಅಲ್ಲ. ಕೊನೆಗೆ ನಾವು ಗೆರೆ ಎಳೆದದ್ದು ನೀರಿನ ಪಾಳಿಯ ಪ್ರಕಾರ: ಒಂದು ವಾಲ್ವ್ ತಿರುವಿದರೆ ಯಾವ್ಯಾವ ಮನೆಗೆ ನೀರು ಬರುತ್ತದೋ ಅದೊಂದು ಭಾಗ. ಈ ಲೆಕ್ಕ ಇದ್ದದ್ದು ನೀರು ಬಿಡುವವನ ನೆನಪಿನಲ್ಲಿ ಮಾತ್ರ. ಆತನ ಹಿಂದೆ ನಾಲ್ಕು ಪಾಳಿ ಸುತ್ತಿ ಬರೆದುಕೊಂಡೆವು.

4. ನೀರು ಬರುವ ದಿನ ಪ್ರಶ್ನೆ ಕೇಳಬಾರದು, ನೋಡಬೇಕು

ಈ ಊರಿಗೆ ತುಂಗಭದ್ರೆಯ ನೀರು. ಎಷ್ಟೋ ಕಡೆ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನ ದಾಟುವುದೂ ಉಂಟು. ನೀರು ಬಂದ ಹೊತ್ತಿನಲ್ಲಿ ಬಾಗಿಲಿಗೆ ಹೋದರೆ “ಆಮ್ಯಾಲ ಬರ್ರಿ” ಅನ್ನುವುದು ಸಹಜ. ಹಾಗಾಗಿ ನಾವು ಒಂದು ಕಟ್ಟೆ ಹಿಡಿದು ಸುಮ್ಮನೆ ಕೂತೆವು. ಯಾರು ನಳಕ್ಕೆ ನೇರ ಮೋಟಾರು ಹಚ್ಚುತ್ತಾರೆ, ದಿನ್ನೆಯ ಕೊನೆಯ ಮನೆಗೆ ಬರುವಷ್ಟರಲ್ಲಿ ನಳ ಬರೀ ಗಾಳಿ ಬಿಡುವುದು ಯಾವಾಗ, ಕೆಲಸಕ್ಕೆ ರಜೆ ಹಾಕಿ ಕಾಯುವವರು ಯಾರು, ಶಾಲೆ ತಪ್ಪಿಸುವ ಮಕ್ಕಳು ಯಾರು, ಎಲ್ಲ ಕಾಣಿಸಿತು. ಫಾರಂನಲ್ಲಿ ‘ನೀರಿನ ಸಮಸ್ಯೆ’ ಎಂಬ ಒಂದೇ ಮಾತಾಗಿದ್ದದ್ದು ಇಲ್ಲಿ ಹತ್ತು ಬಗೆಯಾಗಿತ್ತು.

ಅಲ್ಲೇ ಇನ್ನೊಂದು ನೋಡಿದೆವು. ಸಂಪ್ ಇದ್ದ ಒಬ್ಬ ಹೆಂಗಸು ತನ್ನದು ತುಂಬಿದ ಮೇಲೆ ಮುಚ್ಚಳ ತೆರೆದಿಟ್ಟು, ದಿನ್ನೆಯ ಮೇಲಿನ ಮೂರು ಮನೆಯವರಿಗೆ ಕೊಡ ಇಳಿಸಲು ಬಿಡುತ್ತಿದ್ದಳು. ಲೆಕ್ಕವಿಲ್ಲ, ರೊಕ್ಕವಿಲ್ಲ. ಕೊರತೆಯೂ ಬಲವೂ ಒಂದೇ ಅಂಗಳದಲ್ಲಿ. ನಮ್ಮ ಫಾರಂನಲ್ಲಿ ಇವೆರಡಕ್ಕೆ ಬೇರೆ ಬೇರೆ ಪುಟ ಮಾಡಿದ್ದೆವು!

5. ಹಾಳೆಗಳು ಜಗಳವಾಡಿದಲ್ಲಿಗೆ ನಡೆದು ಹೋಗಬೇಕು

2021ರ ಜನಗಣತಿ ನಡೆಯಲೇ ಇಲ್ಲ, 2011ರದು ಹಳತಾಯಿತು. ಮತದಾರರ ಪಟ್ಟಿಯಲ್ಲಿ ಬಾಡಿಗೆಯವರು ಸಿಗುವುದು ಕಡಿಮೆ. ಅಂಗನವಾಡಿ ರಿಜಿಸ್ಟರಿಗೂ ಮತದಾರರ ಪಟ್ಟಿಗೂ ಹೊಂದದ ಓಣಿಗಳನ್ನೇ ನಾವು ಮೊದಲು ಸುತ್ತಿದೆವು.

6. ಕಟ್ಟಡ ಬರೆದರೆ ಸಾಲದು, ಕೀಲಿಕೈ ಬರೆಯಬೇಕು

ಸಮುದಾಯ ಭವನ, ಗರಡಿಮನಿ, ಶಾಲೆಯ ಅಂಗಳ, ಆಷಾಢದಲ್ಲಿ ಖಾಲಿ ಬೀಳುವ ಕಲ್ಯಾಣ ಮಂಟಪ, ಎಲ್ಲಕ್ಕೂ ಚುಕ್ಕೆ ಇಟ್ಟು ಬೀಗಿದ್ದೆವು. ಹೊಲಿಗೆ ಕಲಿಸಲು ಜಾಗ ಬೇಕಾದಾಗ ಒಂದರ ಬಾಗಿಲೂ ತೆರೆಯಲಿಲ್ಲ. ಅಂದಿನಿಂದ ನಮ್ಮ ವಹಿಯಲ್ಲಿ ಹೊಸ ಕಾಲಂ ಬಂತು: ಕೀಲಿಕೈ ಯಾರ ಹತ್ರ ಐತಿ? ಆತ ಯಾರ ಮಾತು ಕೇಳುತ್ತಾನೆ?

ಕಟ್ಟಡವಲ್ಲದ್ದಕ್ಕೂ ಈ ಪ್ರಶ್ನೆ ಹೊಂದುತ್ತದೆ. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ತಲೆಮಾರುಗಳಿಂದ ಸಂಗೀತ ಕಲಿಯುತ್ತಿದ್ದಾರೆ. ಭಾಷಣಕ್ಕೆ ನಿಂತವರೆಲ್ಲ ಈ ಹೆಸರು ಎತ್ತುತ್ತಾರೆ. ಆದರೆ ಕುರುಡು ಮಗುವಿನ ತಾಯಿಯೊಬ್ಬಳನ್ನು ಆ ಬಾಗಿಲ ತನಕ ಕರೆದುಕೊಂಡು ಹೋಗುವವರು ಓಣಿಯಲ್ಲಿ ಯಾರು? ನಕ್ಷೆಗೆ ಬೇಕಾದದ್ದು ಆ ಹೆಸರು.

7. ನಕ್ಷೆ ನೆಲದ ಮೇಲಿರಲಿ

ಹಳ್ಳಿಗಳಲ್ಲಿ ಜನರ ಕೈಯಿಂದಲೇ ನೆಲದ ಮೇಲೆ ನಕ್ಷೆ ಬಿಡಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಮೈರಾಡದಂಥ ಸಂಸ್ಥೆಗಳು ದಶಕಗಳ ಹಿಂದೆಯೇ ಮಾಡಿವೆ. ಪಟ್ಟಣದಲ್ಲೂ ನಡೆಯುತ್ತದೆ. ಗುಡಿಯ ಮುಂದೆ ರಂಗೋಲಿ ಹಿಟ್ಟಿನಲ್ಲಿ ಓಣಿ ಬಿಡಿಸಿದರೆ ತಪ್ಪು ತಿದ್ದಲು ಜನ ತಾವಾಗಿಯೇ ನಿಲ್ಲುತ್ತಾರೆ. ಕಂಪ್ಯೂಟರಿನ ಬಣ್ಣದ ನಕ್ಷೆ ತೋರಿಸಿದರೆ “ಚಲೋ ಐತ್ರಿ” ಅಂದು ಹೊರಡುತ್ತಾರೆ.

8. ಗೊತ್ತಾದದ್ದನ್ನೆಲ್ಲ ಅಚ್ಚು ಹಾಕಬಾರದು

ಇದು ನನ್ನದೇ ತಪ್ಪು. ಮುದ್ರಣಕ್ಕೆ ಹೆಸರಾದ ಊರು, ನಕ್ಷೆಯನ್ನು ಚೆಂದಾಗಿ ಅಚ್ಚು ಹಾಕಿಸಿ ಹಂಚೋಣ ಎಂಬ ಹುಮ್ಮಸ್ಸು. ಸಂಪಿನ ಮನೆಗೆ ನೀಲಿ ಚುಕ್ಕೆ ಇಟ್ಟು ‘ನೀರು ಹಂಚುವ ಮನೆ’ ಎಂದು ಬರೆಸಿದೆ. ಆಕೆಯನ್ನು ಕೇಳಲಿಲ್ಲ, ಹೊಗಳಿಕೆಗೆ ಯಾರು ಬೇಡ ಅಂತಾರೆ ಎಂಬ ಲೆಕ್ಕಾಚಾರ. ಮುಂದಿನ ಬೇಸಿಗೆಯಲ್ಲಿ ಆಚೆ ಓಣಿಯವರು ಕೊಡ ಹಿಡಿದು ಬಂದರು. “ನಕ್ಷೇದಾಗ ಬರದಾರಲ್ಲ” ಎಂದು ವಾದಕ್ಕೂ ನಿಂತರಂತೆ. ಆಕೆ ಸಂಪಿಗೆ ಕೀಲಿ ಹಾಕಿದಳು, ದಿನ್ನೆಯ ಮೂರು ಮನೆಯವರಿಗೂ ಸೇರಿಸಿ.

ಕ್ಷಮೆ ಕೇಳಲು ಹೋದಾಗ ಚಹಾ ಕೊಟ್ಟಳು. ಸಂಪಿನ ಮಾತು ನಾನೂ ತೆಗೆಯಲಿಲ್ಲ, ಆಕೆಯೂ ತೆಗೆಯಲಿಲ್ಲ. ಹೊಸ ನಕ್ಷೆಯಲ್ಲಿ ಆ ಮನೆಗೆ ಚುಕ್ಕೆ ಇಲ್ಲ. ದಿನ್ನೆಯ ಮೂರೂ ಮನೆಯವರು ಈಗ ಟ್ಯಾಂಕರಿಗೆ ಕಾಯುತ್ತಾರೆ.