ಹರವಿಯ ನೀರೂ ಉಗಿಯ ಸಾಂದ್ರಕವೂ

ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಗೆ ಸಮೀಪವಾಗಿ, ಅಂಜನಾದ್ರಿ ಬೆಟ್ಟದ ಆಸುಪಾಸಿನಲ್ಲಿ ಹನುಮನಹಳ್ಳಿ ಎಂಬುದೊಂದು ಊರಿದೆ. ಚೈತ್ರ ವೈಶಾಖಗಳಲ್ಲಿ ಆ ಸೀಮೆಯ ಹೆಬ್ಬಂಡೆಗಳು ಕಾದ ಹಂಚಿನಂತಾಗುವುವು. ನೆರಳಿನಲ್ಲಿಟ್ಟ ಉಷ್ಣತಾಮಾಪಕವು 40 ಡಿಗ್ರಿ ಸೆಂಟಿಗ್ರೇಡನ್ನು ತೋರಿಸುವುದು ಅಪೂರ್ವವೇನೂ ಅಲ್ಲ. ಅಂಥ ನಡುಹಗಲಿನಲ್ಲಿಯೂ ಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕುಳಿತ ಮಣ್ಣಿನ ಹರವಿಯ ನೀರು ಗಂಟಲಿಗೆ ಹಿತವಾಗುವಷ್ಟು ತಣ್ಣಗಿರುವುದು. ಅದೇ ಹರವಿಯನ್ನು ಆಷಾಢದಲ್ಲಿ ನೋಡಿರಿ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದಿದೆ. ಗಾಳಿಯ ಉಷ್ಣತೆ 28 ಡಿಗ್ರಿಗೆ ಇಳಿದಿದೆ. ಆದರೂ ಹರವಿಯ ನೀರು ಗಾಳಿಗಿಂತ ಹೆಚ್ಚು ತಣ್ಣಗಿಲ್ಲ. ಬೇಸಗೆಯಲ್ಲಿ ಹತ್ತು ಹನ್ನೆರಡು ಡಿಗ್ರಿಗಳಷ್ಟು ತಣಿಸಬಲ್ಲ ಪಾತ್ರೆಗೆ ಮಳೆಗಾಲದಲ್ಲಿ ಒಂದೆರಡು ಡಿಗ್ರಿ ತಣಿಸುವುದೂ ಕಷ್ಟವಾಗುವುದು.

ಇದರ ಕಾರಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಹರವಿಯ ಮೈಯಿಂದ ಒಸರಿದ ನೀರು ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಹೀರಿಕೊಳ್ಳುವುದು. ಒಣಗಿದ ಗಾಳಿ ಆವಿಯನ್ನು ಆತುರದಿಂದ ಕೊಂಡೊಯ್ಯುವುದು. ಆಗಲೇ ತೇವದಿಂದ ತುಂಬಿದ ಗಾಳಿಗೆ ಆ ಆತುರವಿಲ್ಲ. ಉಷ್ಣತಾಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ಇಳಿದು ನಿಲ್ಲುವ ಮಟ್ಟಕ್ಕೆ ಆರ್ದ್ರ ಉಷ್ಣತೆಯೆಂದು ಹೆಸರು. ಯಾವ ಹರವಿಯೂ ಈ ಮಟ್ಟಕ್ಕಿಂತ ಕೆಳಗೆ ನೀರನ್ನು ತಣಿಸಲಾರದು.

ಇಷ್ಟು ಸಾಮಾನ್ಯವಾದ ಸಂಗತಿಯನ್ನೇ ದೊಡ್ಡ ವಿದ್ಯುದಾಗಾರಗಳ ಎಂಜಿನಿಯರುಗಳು ದಿನವೂ ಲೆಕ್ಕಹಾಕುತ್ತಿರುವರೆಂದರೆ ವಾಚಕರಿಗೆ ಸೋಜಿಗವಾಗಬಹುದು. ಹನುಮನಹಳ್ಳಿಗೆ ಹತ್ತಿರದ ಮುನಿರಾಬಾದಿನಲ್ಲಿ ಅಣೆಕಟ್ಟಿನಿಂದ ಧುಮುಕುವ ನೀರೇ ಯಂತ್ರವನ್ನು ತಿರುಗಿಸುವುದರಿಂದ ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ದಿನದಿಂದ ನಮ್ಮ ನಾಡು ಬಹುಕಾಲ ಜಲಶಕ್ತಿಯನ್ನೇ ನೆಚ್ಚಿಕೊಂಡಿತ್ತು. ಕಲ್ಲಿದ್ದಲು ಸುಟ್ಟು ಉಗಿಯಿಂದ ವಿದ್ಯುತ್ತನ್ನು ಪಡೆಯುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ಮೊದಲಾದುದು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ. ಅಲ್ಲಿ 1985ರಲ್ಲಿ ಮೊದಲನೆಯ ಘಟಕ ನಡೆಯಲಾರಂಭಿಸಿತು. 2010ರ ಹೊತ್ತಿಗೆ 210 ಮೆಗಾವಾಟಿನ ಏಳೂ 250 ಮೆಗಾವಾಟಿನ ಒಂದೂ, ಒಟ್ಟು ಎಂಟು ಘಟಕಗಳಾದುವು. ಮುಂದೆ ಬಳ್ಳಾರಿಯ ಬಳಿ ಕುಡಿತಿನಿಯಲ್ಲಿಯೂ, ರಾಯಚೂರಿನ ಬಳಿ ಯರಮರಸಿನಲ್ಲಿಯೂ ಇನ್ನೂ ದೊಡ್ಡ ಘಟಕಗಳು ಎದ್ದುವು. ಇಂಥ ಆಗಾರಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ಹೊಗೆಗೊಳವೆ. ಆದರೆ ಟರ್ಬೈನಿನ ಕೆಳಗೆ ಅಡಗಿ ಕುಳಿತ ಒಂದು ದೊಡ್ಡ ಪೆಟ್ಟಿಗೆಯೇ ಇಂದಿನ ನಮ್ಮ ವಿಷಯ. ಕಾರ್ಖಾನೆಯವರು ಕಂಡೆನ್ಸರ್ ಎನ್ನುವ ಇದನ್ನು ನಾವು ಸಾಂದ್ರಕವೆಂದು ಕರೆಯೋಣ.

ಉಗಿಯು ಟರ್ಬೈನನ್ನು ತಿರುಗಿಸಿದ ಮೇಲೆ ಅದನ್ನು ಸುಮ್ಮನೆ ಗಾಳಿಗೆ ಬಿಟ್ಟುಬಿಡಬಹುದಲ್ಲ, ಅದನ್ನು ಹಿಡಿದು ನೀರಾಗಿಸುವ ಶ್ರಮವೇಕೆ? ಕುದಿಪಾತ್ರೆಗೆ ಬೇಕಾದ ಶುದ್ಧಜಲ ಮರಳಿ ದೊರೆಯುವುದೆಂಬುದು ಒಂದು ಉತ್ತರ. ಆದರೆ ಮುಖ್ಯವಾದ ಉತ್ತರ ಅದಲ್ಲ. ಒಂದು ಪ್ರಯೋಗವನ್ನು ನೋಡೋಣ. ದುಂಡುತಳದ ಗಾಜಿನ ಫ್ಲಾಸ್ಕಿನಲ್ಲಿ ಅರ್ಧದಷ್ಟು ನೀರನ್ನು ಚೆನ್ನಾಗಿ ಕುದಿಸಿ, ಉರಿಯಿಂದ ತೆಗೆದ ಮೇಲೆಯೇ ಬಿರಡೆಯನ್ನು ಬಿಗಿದು ತಲೆಕೆಳಗಾಗಿ ಹಿಡಿಯಿರಿ. (ಚಪ್ಪಟೆ ತಳದ ಪಾತ್ರೆ ಒಡೆಯುವ ಭಯವಿದೆ, ಉಪಾಧ್ಯಾಯರು ಎದುರಿಗಿದ್ದಾಗಲೇ ಇದನ್ನು ಮಾಡಬೇಕು.) ಕುದಿತ ನಿಂತಿದೆ. ಈಗ ಮೇಲಿನಿಂದ ತಣ್ಣೀರು ಸುರಿದರೆ ಒಳಗಿನ ನೀರು ಮತ್ತೆ ಕುದಿಯತೊಡಗುವುದು! ತಣ್ಣೀರಿನಿಂದ ನೀರು ಕುದಿಯಿತೆಂದರೆ ಮಾಯೆಯಲ್ಲ. ಒಳಗಿನ ಉಗಿ ನೀರಾಗಿ ಕುಗ್ಗಿತು; ಅದಿದ್ದ ಸ್ಥಳ ಬರಿದಾಯಿತು; ಒತ್ತಡ ಇಳಿಯಿತು; ಒತ್ತಡವಿಳಿದಲ್ಲಿ ನೀರು ಕಡಮೆ ಉಷ್ಣತೆಯಲ್ಲಿಯೇ ಕುದಿಯುವುದು. ಸಾಂದ್ರಕವೆಂದರೆ ಇಂಥ ಬರಿದನ್ನು ಸದಾಕಾಲ ಕಾಪಾಡುವ ಸಾಧನ. 45 ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ಉಗಿ ಸುಮಾರು ಹದಿನೈದು ಘನಮೀಟರು ಸ್ಥಳವನ್ನು ಆಕ್ರಮಿಸಿರುವುದು. ಅದು ನೀರಾದರೆ ಒಂದು ಲೀಟರಿನ ಚಂಬಿನಲ್ಲಿ ಹಿಡಿಸುವುದು.

ಈ ಬರಿದಿನ ಬೆಲೆ ಎಷ್ಟು? 130 ವಾಯುಭಾರದ ಒತ್ತಡದಲ್ಲಿಯೂ 540 ಡಿಗ್ರಿಯ ಉಷ್ಣತೆಯಲ್ಲಿಯೂ ಉಗಿ ಟರ್ಬೈನನ್ನು ಹೊಗುವುದೆಂದು ಭಾವಿಸಿ, ಘರ್ಷಣೆ ಮೊದಲಾದ ನಷ್ಟಗಳನ್ನು ಬಿಟ್ಟು ಲೆಕ್ಕಹಾಕಿದರೆ, ಅದನ್ನು ಬಯಲಿಗೆ ಬಿಟ್ಟಾಗ ಪ್ರತಿ ಕಿಲೋಗ್ರಾಮಿನಿಂದ ಸುಮಾರು 253 ಕಿಲೋಕ್ಯಾಲೊರಿಯಷ್ಟು ಕೆಲಸ ದೊರೆಯುವುದು. 45 ಡಿಗ್ರಿಯ ಸಾಂದ್ರಕಕ್ಕೆ ಬಿಟ್ಟರೆ ಅದೇ ಉಗಿಯಿಂದ 327! ಅದೇ ಕಲ್ಲಿದ್ದಲಿಗೆ ಕಾಲುಭಾಗಕ್ಕಿಂತ ಹೆಚ್ಚಿನ ಫಲ. 1765ರಲ್ಲಿ ಜೇಮ್ಸ್ ವಾಟನು ಉಗಿಯನ್ನು ಸಿಲಿಂಡರಿನಲ್ಲಿಯೇ ತಣಿಸದೆ ಬೇರೊಂದು ಪಾತ್ರೆಯಲ್ಲಿ ತಣಿಸಬೇಕೆಂದು ಕಂಡುಕೊಂಡಾಗ ಈ ಮಾರ್ಗ ತೆರೆಯಿತು. ಅದಕ್ಕೆ ಮುಂಚಿನ ನ್ಯೂಕಾಮನ್ನನ ಯಂತ್ರ ಒಮ್ಮೆ ಕಾದು ಒಮ್ಮೆ ತಣಿದು ತನ್ನ ಶಾಖದ ಹೆಚ್ಚು ಪಾಲನ್ನು ಸಿಲಿಂಡರಿನ ಗೋಡೆಗೇ ಉಣಿಸುತ್ತಿತ್ತು.

ಇನ್ನು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. ಸಾಂದ್ರಕದ ಒತ್ತಡವನ್ನು ಯಾವ ಪಂಪೂ ನಿರ್ಧರಿಸುವುದಿಲ್ಲ. ಉಗಿ ಯಾವ ಉಷ್ಣತೆಯಲ್ಲಿ ನೀರಾಗುವುದೋ ಆ ಉಷ್ಣತೆಯೇ ನಿರ್ಧರಿಸುವುದು. ಪಾದರಸದ ಎತ್ತರದಲ್ಲಿ ಹೇಳುವುದಾದರೆ 35 ಡಿಗ್ರಿಗೆ 42 ಮಿಲಿಮೀಟರು, 40ಕ್ಕೆ 55, 45ಕ್ಕೆ 72, 50ಕ್ಕೆ 93. ಆ ಉಷ್ಣತೆಯನ್ನೋ ನಾವು ಇಷ್ಟಬಂದಂತೆ ಇಳಿಸುವಂತಿಲ್ಲ. ಅದು ಒಂದು ಏಣಿಯ ತುದಿಯ ಮೆಟ್ಟಿಲು. ಏಣಿಯ ಬುಡದಲ್ಲಿರುವುದು ನಮ್ಮ ಹರವಿಯ ಆರ್ದ್ರ ಉಷ್ಣತೆ.

ನೀರನ್ನು ತಣಿಸಲು ಎತ್ತರದ ಶೈತ್ಯಗೋಪುರಗಳನ್ನು ಕಟ್ಟಿರುವರಷ್ಟೆ. ಬಿಸಿನೀರು ಅದರೊಳಗೆ ತುಂತುರಾಗಿ ಬೀಳುವಾಗ ಕೆಳಗಿನಿಂದ ಗಾಳಿ ಏರಿ ಬರುವುದು. ನೀರಿನ ಅಲ್ಪಭಾಗ ಆವಿಯಾಗಿ ಉಳಿದುದು ತಣಿಯುವುದು. ಶೈತ್ಯಗೋಪುರವೆಂದರೆ ಒಂದು ಬೃಹತ್ ಹರವಿ. 40 ಡಿಗ್ರಿಯ ಬಿಸಿಲಿನಲ್ಲಿ ಗಾಳಿಯ ತೇವ ನೂರಕ್ಕೆ 25ರಷ್ಟಿದ್ದರೆ ಆರ್ದ್ರ ಉಷ್ಣತೆ ಸುಮಾರು 24 ಡಿಗ್ರಿ. ಒಳ್ಳೆಯ ಗೋಪುರ ಅದಕ್ಕಿಂತ ಐದು ಡಿಗ್ರಿ ಮೇಲೆ, ಎಂದರೆ 29ರಲ್ಲಿ, ನೀರನ್ನು ಕೊಡುವುದು. ಆ ನೀರು ಸಾಂದ್ರಕದ ಕೊಳವೆಗಳಲ್ಲಿ ಹರಿದು ಹತ್ತು ಡಿಗ್ರಿ ಕಾದು 39 ಆಗುವುದು. ಕೊಳವೆಯ ಹೊರಗಿನ ಉಗಿ ಒಳಗಿನ ನೀರಿಗಿಂತ ಸ್ವಲ್ಪ ಬೆಚ್ಚಗಿದ್ದರಲ್ಲದೆ ಶಾಖ ಹರಿಯದು. ಇದಕ್ಕೆ ನಾಲ್ಕು ಡಿಗ್ರಿ. ಅಲ್ಲಿಗೆ ಉಗಿ 43 ಡಿಗ್ರಿಯಲ್ಲಿ ನೀರಾಗುವುದು. ಒತ್ತಡ 65 ಮಿಲಿಮೀಟರು. ಅದೇ ಆಷಾಢದ 28 ಡಿಗ್ರಿಯ ದಿನ ತೇವ ನೂರಕ್ಕೆ 85ರಷ್ಟಿದ್ದರೆ ಆರ್ದ್ರ ಉಷ್ಣತೆ 26. ಏಣಿಯ ತುದಿ 45. ಬೆವರಿಳಿಸುವ ವೈಶಾಖಕ್ಕಿಂತ ತಂಪಾದ ಮಳೆಗಾಲವೇ ಸಾಂದ್ರಕಕ್ಕೆ ಕಷ್ಟಕಾಲವೆಂದು ತೋರುವುದು! ನನಗೆ ಈ ಲೆಕ್ಕ ಮೊದಲು ಸಿಕ್ಕಿದಾಗ ಎರಡು ಸಲ ತಿದ್ದಿ ನೋಡಿದೆ.

ಹವೆ ನಮ್ಮ ಕೈಯಲ್ಲಿಲ್ಲ. ದಕ್ಷತೆಯನ್ನು ಹೆಚ್ಚಿಸುವುದೆಂದರೆ ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಕುಗ್ಗಿಸುವುದು. ಹೆಚ್ಚು ನೀರನ್ನು ಹರಿಸಿದರೆ ಹತ್ತು ಡಿಗ್ರಿಯ ಮೆಟ್ಟಿಲು ಎಂಟಾಗದೆ? ಆಗುವುದು. ಆದರೆ 210 ಮೆಗಾವಾಟಿನ ಘಟಕವೊಂದಕ್ಕೆ ಆಗಲೇ ಗಂಟೆಗೆ ಸುಮಾರು 24,000 ಟನ್ನು ನೀರು ಬೇಕು. ಅದನ್ನು ಇಪ್ಪತ್ತು ಮೀಟರು ಎತ್ತುವಷ್ಟು ಬಲದಿಂದ ನೂಕುವ ಪಂಪುಗಳು ಒಂದೂವರೆ ಮೆಗಾವಾಟಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗುವುವು. ನೀರನ್ನು ಕಾಲುಭಾಗ ಹೆಚ್ಚಿಸಿದರೆ ಪಂಪಿನ ಹಸಿವು ಸರಿಸುಮಾರು ಇಮ್ಮಡಿಯಾಗುವುದು, ಏಕೆಂದರೆ ಅದು ಹರಿವಿನ ಘನದಂತೆ ಬೆಳೆಯುವುದು. ಎರಡು ಡಿಗ್ರಿಯಿಂದ ಬಂದ ಲಾಭ ಸುಮಾರು 1.8 ಮೆಗಾವಾಟು, ಪಂಪಿಗೆ ತೆತ್ತ ಹೆಚ್ಚಿನ ಸುಂಕ ಬಹುಮಟ್ಟಿಗೆ ಅಷ್ಟೇ. ಈ ವ್ಯಾಪಾರದಲ್ಲಿ ಹುರುಳಿಲ್ಲ.

ನಿಜವಾದ ಲಾಭವಿರುವುದು ನಾಲ್ಕು ಡಿಗ್ರಿಯ ಆ ಸಣ್ಣ ಮೆಟ್ಟಿಲಿನಲ್ಲಿ. ಹೊಸ ಸಾಂದ್ರಕದಲ್ಲಿ ಅದು ನಾಲ್ಕು. ಅಲಕ್ಷ್ಯಕ್ಕೆ ಒಳಗಾದುದರಲ್ಲಿ ಒಂಬತ್ತು ಆಗುವುದು ಸುಲಭ. ಸವಳು ನೀರು ಕಾಯಿಸುವ ಸ್ನಾನದ ಹಂಡೆಯೊಳಗೆ ಬಿಳಿಯ ಹೊಪ್ಪಳೆ ಕಟ್ಟುವುದನ್ನು ಯಾರು ನೋಡಿಲ್ಲ? ಅದೇ ಸುಣ್ಣದ ಪೊರೆ, ಅದರೊಡನೆ ಕೆಸರೂ ಪಾಚಿಯೂ, ಸಾಂದ್ರಕದ ಸಾವಿರಾರು ಕೊಳವೆಗಳ ಒಳಮೈಗೆ ಅಂಟುವುದು. ಅಂಥ ಪೊರೆ ಹಿತ್ತಾಳೆಯ ನೂರನೆಯ ಒಂದು ಭಾಗದಷ್ಟೇ ಶಾಖವನ್ನು ಸಾಗಿಸಬಲ್ಲದು. ಅರ್ಧ ಮಿಲಿಮೀಟರು ಪೊರೆ ಕಟ್ಟಿದರೆ ಒಂದು ಮಿಲಿಮೀಟರಿನ ಕೊಳವೆಗೋಡೆ ಐದು ಸೆಂಟಿಮೀಟರು ದಪ್ಪವಾದಂತೆಯೇ ಸರಿ. ಹಿಂದೆ ಘಟಕವನ್ನು ನಿಲ್ಲಿಸಿ ಕುಂಚಗಳಿಂದ ಒಂದೊಂದೇ ಕೊಳವೆಯನ್ನು ಉಜ್ಜುತ್ತಿದ್ದರು. 1950ರ ದಶಕದಲ್ಲಿ ಜರ್ಮನಿಯ ಟಾಪ್ರೋಗೆ ಎಂಬಾತನು ಸರಳವಾದ ಉಪಾಯವೊಂದನ್ನು ಬಳಕೆಗೆ ತಂದನು. ಕೊಳವೆಯ ರಂಧ್ರಕ್ಕಿಂತ ಕೊಂಚ ದಪ್ಪನಾದ ಸ್ಪಂಜಿನ ಚೆಂಡುಗಳನ್ನು ನೀರಿನೊಡನೆಯೇ ಹರಿಯಬಿಡುವುದು. ಅವು ಅಮುಕಿಕೊಂಡು ನುಸುಳುತ್ತ ಒಳಮೈಯನ್ನು ಒರಸುವುವು. ಆಚೆಯ ಜಾಲರಿಯಲ್ಲಿ ಅವನ್ನು ಹಿಡಿದು ಮತ್ತೆ ಈಚೆಗೆ ಬಿಡುವುದು. ಯಂತ್ರ ನಿಲ್ಲಬೇಕಾದುದಿಲ್ಲ.

ಇದಕ್ಕಿಂತ ಕಪಟಿಯಾದ ವೈರಿ ಗಾಳಿ. ಒಳಗೆ ಬರಿದಿರುವುದರಿಂದ ಪ್ರತಿಯೊಂದು ಬಿರುಕಿನಿಂದಲೂ, ಸಡಿಲವಾದ ಪ್ರತಿ ಬೆಸುಗೆಯಿಂದಲೂ ಹೊರಗಿನ ಗಾಳಿ ಒಳನುಗ್ಗುವುದು. ಉಗಿ ಕೊಳವೆಯನ್ನು ಮುಟ್ಟಿ ನೀರಾಗಿ ಇಳಿದುಹೋಗುವುದು. ಗಾಳಿ ಹಾಗೆ ಇಳಿಯಲಾರದೆ ಕೊಳವೆಯ ಸುತ್ತ ಕಂಬಳಿಯಂತೆ ಹೊದ್ದುಕೊಳ್ಳುವುದು. ಇದನ್ನು ಪತ್ತೆಮಾಡಲು ಡಾಲ್ಟನನ ನಿಯಮ ನೆರವಾಗುವುದು. ಸಾಂದ್ರಕದ ಉಷ್ಣತೆ 45 ಡಿಗ್ರಿಯಿದ್ದು ಮಾಪಕವು 72ರ ಬದಲು 90 ಮಿಲಿಮೀಟರನ್ನು ತೋರಿಸಿದರೆ ಹೆಚ್ಚಿನ 18 ಮಿಲಿಮೀಟರು ಯಾರದು? ಗಾಳಿಯದು. ಹೀಗೆ ಕೊಳೆಯ ದೋಷವನ್ನೂ ಗಾಳಿಯ ದೋಷವನ್ನೂ ಒಂದು ಉಷ್ಣತಾಮಾಪಕದಿಂದ ಬಹುಮಟ್ಟಿಗೆ ಬೇರ್ಪಡಿಸಬಹುದು. ಬಿರುಕಿನ ಸ್ಥಾನವನ್ನು ಹುಡುಕಲು ಹಳೆಯ ಕುಶಲಿಗಳು ಮೇಣದ ಬತ್ತಿಯನ್ನು ಕೀಲುಗಳ ಹತ್ತಿರ ಹಿಡಿಯುತ್ತಿದ್ದರು. ಗಾಳಿ ಒಳಸೇರುವಲ್ಲಿ ಜ್ವಾಲೆ ಬಾಗುತ್ತಿತ್ತು. ಜಲಜನಕದಿಂದ ತಣಿಸುವ ವಿದ್ಯುಜ್ಜನಕಗಳ ಸಮೀಪದಲ್ಲಿ ಬತ್ತಿ ಹಚ್ಚುವುದು ಅಪಾಯ. ಈಗ ಹೀಲಿಯಮ್ ಅನಿಲವನ್ನು ಹೊರಗೆ ಸೂಸಿ, ಅದು ಒಳಗೆ ಸೇರಿತೇ ಎಂದು ಉಪಕರಣದಿಂದ ನೋಡುವರು.

ಉಗಿ ನೀರಾಗುವ ರೀತಿಯಲ್ಲಿಯೂ ಭೇದವಿದೆ. ಸಾಮಾನ್ಯವಾಗಿ ಅದು ಕೊಳವೆಯ ಮೇಲೆ ತೆಳುಪೊರೆಯಾಗಿ ಹರಡುವುದು. ಆ ಪೊರೆಯೇ ಮುಂದಿನ ಉಗಿಗೆ ಅಡ್ಡಿ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿಬಿದ್ದರೆ ಶಾಖ ಹಲವು ಪಟ್ಟು ವೇಗವಾಗಿ ದಾಟುವುದೆಂದು 1930ರಲ್ಲಿಯೇ ಜರ್ಮನಿಯ ಷ್ಮಿಟ್ ಮತ್ತು ಸಂಗಡಿಗರು ತೋರಿಸಿದರು. ಕೊಳವೆಗೆ ಅಂಥ ಲೇಪವನ್ನು ಹಚ್ಚುವುದು ಕಷ್ಟವಲ್ಲ; ವರ್ಷಾನುಗಟ್ಟಲೆ ಅದು ಸವೆಯದೆ ನಿಲ್ಲಬೇಕಲ್ಲ, ತೊಡಕಿರುವುದು ಅಲ್ಲಿ.

ಕೊಳೆಯಿಂದ ಏಣಿಯ ತುದಿ 45ರಿಂದ 50ಕ್ಕೆ ಏರಿತೆನ್ನೋಣ. ಮೇಲಿನ 327 ಕಿಲೋಕ್ಯಾಲೊರಿ 320ರ ಸಮೀಪಕ್ಕೆ ಇಳಿಯುವುದು. ನೂರಕ್ಕೆ ಎರಡರಷ್ಟು ನಷ್ಟ. ಅಷ್ಟೇ ತಾನೆ, ಎನ್ನಬೇಡಿರಿ. 210 ಮೆಗಾವಾಟಿನ ಘಟಕ ನಮ್ಮ ದೇಶದ ಬೂದಿ ಹೆಚ್ಚಿನ ಕಲ್ಲಿದ್ದಲನ್ನು ಗಂಟೆಗೆ ಸುಮಾರು 140 ಟನ್ನು ಸುಡುವುದು. ಅದೇ ವಿದ್ಯುತ್ತನ್ನು ಪಡೆಯಲು ದಿನಕ್ಕೆ ಇನ್ನೂ ಸುಮಾರು 70 ಟನ್ನು ಬೇಕಾಗುವುದು. ಸಿಂಗರೇಣಿಯಂಥ ಗಣಿಗಳಿಂದ ರೈಲಿನಲ್ಲಿ ಬರುವ ಒಂದು ತುಂಬಿದ ಬೋಗಿ, ದಿನದಿನವೂ, ಕೊಳವೆಯ ಕೊಳೆಗಾಗಿಯೇ ಸುಟ್ಟುಹೋಗುವುದು.

ನೀರಿನ ಮಾತು ಇದಕ್ಕಿಂತ ಸೂಕ್ಷ್ಮ. ಅದೇ ಘಟಕದ ಗೋಪುರದಿಂದ ಗಂಟೆಗೆ ಮುನ್ನೂರರಿಂದ ನಾನ್ನೂರು ಟನ್ನು ನೀರು ಆವಿಯಾಗಿ ಆಕಾಶಕ್ಕೆ ಹೋಗುವುದು. ಕಾಲುವೆಯ ನೀರಿಗಾಗಿ ಭತ್ತದ ರೈತರು ದಿನವೆಣಿಸುವ ಕೃಷ್ಣಾ ತುಂಗಭದ್ರಾ ಸೀಮೆಯಲ್ಲಿ ಇದು ಅಲ್ಪವಲ್ಲ. ಕೈಗಾದ ಪರಮಾಣು ವಿದ್ಯುದಾಗಾರದ ಮೊದಲ ನಾಲ್ಕು ಘಟಕಗಳಲ್ಲಿ ಗೋಪುರವಿಲ್ಲ. ಕಾಳೀನದಿಯ ಕದ್ರಾ ಜಲಾಶಯದ ನೀರೇ ಸಾಂದ್ರಕವನ್ನು ಹಾದು ಬೆಚ್ಚಗಾಗಿ ಜಲಾಶಯಕ್ಕೆ ಮರಳುವುದು. ಮಳೆ ಧಾರಾಳವಾಗಿರುವ ಮಲೆನಾಡಿನ ಸೆರಗಿಗೆ ಅದು ಒಪ್ಪಿತು. ಅಲ್ಲಿ ಏಣಿಯ ಬುಡ ಆರ್ದ್ರ ಉಷ್ಣತೆಯಲ್ಲ, ಜಲಾಶಯದ ಉಷ್ಣತೆ. ಬೇಸಗೆಯಲ್ಲಿ ಹೊಳೆ ಬಂಡೆಗಳ ನಡುವೆ ಕಿರಿದಾಗುವ ನಮ್ಮ ಬಯಲುಸೀಮೆಯಲ್ಲಿ ಅದು ಸಾಗದು. ಸಾಂದ್ರಕ ಚೊಕ್ಕಟವಾಗಿದ್ದರೆ ಒಂದೊಂದು ಯೂನಿಟ್ಟು ವಿದ್ಯುತ್ತಿಗೆ ಹೊರಹಾಕಬೇಕಾದ ಶಾಖ ಕಡಮೆಯಾಗುವುದರಿಂದ ಆವಿಯಾಗುವ ನೀರೂ ಅಷ್ಟು ಉಳಿಯುವುದು.

ಒತ್ತಡವನ್ನು ಎಷ್ಟಾದರೂ ಇಳಿಸುತ್ತ ಹೋಗಬಹುದೆಂದೂ ಭಾವಿಸಬಾರದು. 30 ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ಉಗಿಗೆ 33 ಘನಮೀಟರು ಸ್ಥಳ ಬೇಕು. ಟರ್ಬೈನಿನ ಕೊನೆಯ ಅಲಗುಗಳ ದಾರಿ ಅಷ್ಟು ಉಗಿಗೆ ಇಕ್ಕಟ್ಟಾಗಿ, ಗಳಿಸಿದುದು ವೇಗದಲ್ಲಿಯೇ ವ್ಯರ್ಥವಾಗುವುದು.

ಓದುಗರು ಈ ಏಣಿಯನ್ನು ತಮ್ಮ ಊರಿನಲ್ಲಿಯೇ ಅಳೆಯಬಹುದು. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿ, ಒಂದರ ಬುರುಡೆಗೆ ತೆಳುವಾದ ಹತ್ತಿಬಟ್ಟೆಯನ್ನು ಸುತ್ತಿ ಅದರ ತುದಿ ನೀರಿನ ಬಟ್ಟಲಿನಲ್ಲಿರುವಂತೆ ಮಾಡಿರಿ. ಐದು ನಿಮಿಷ ಬೀಸಣಿಗೆಯಿಂದ ಬೀಸಿದ ಮೇಲೆ ಒದ್ದೆಯದರ ಅಂಕವನ್ನು ಬರೆದುಕೊಂಡು ಅದಕ್ಕೆ 19ನ್ನು ಕೂಡಿಸಿರಿ: ಗೋಪುರಕ್ಕೆ ಐದು, ನೀರಿಗೆ ಹತ್ತು, ಕೊಳವೆಗೆ ನಾಲ್ಕು. ಬಂದ ಉಷ್ಣತೆಗೆ ಸರಿಯಾದ ಒತ್ತಡವನ್ನು ಭೌತಶಾಸ್ತ್ರದ ಪಟ್ಟಿಯಲ್ಲಿ ನೋಡಿದರೆ, ಆ ದಿನ ನಿಮ್ಮೂರಿನಲ್ಲೊಂದು ವಿದ್ಯುದಾಗಾರವಿದ್ದಿದ್ದರೆ ಅದರ ಸಾಂದ್ರಕದಲ್ಲಿ ಎಷ್ಟು ಒತ್ತಡವಿರುತ್ತಿತ್ತೆಂದು ತಿಳಿಯುವುದು. ಏಪ್ರಿಲಿನಲ್ಲಿ ಒಂದು ವಾರ, ಜುಲೈಯಲ್ಲಿ ಒಂದು ವಾರ ಬರೆದಿಟ್ಟುಕೊಳ್ಳಿರಿ. ಪಕ್ಕದಲ್ಲಿಯೇ ಹರವಿಯ ನೀರಿನ ಉಷ್ಣತೆಯನ್ನೂ ಬರೆಯಲು ಮರೆಯಬೇಡಿರಿ.