ಆರು ಕೂಲಿಗಳು, ಒಂದು ಆಣೆ

ಇಂಗ್ಲೆಂಡಿನ ಕಾರ್ಮಿಕ ಚರಿತ್ರೆ ಅಂದ ಕೂಡಲೇ ಇಂಜಿನಿಯರಿಂಗ್ ಓದಿ ಇಲ್ಲಿಗೆ ಬಂದ ನಮಗೆ ನೆನಪಾಗೋದು ಮ್ಯಾಂಚೆಸ್ಟರಿನ ಗಿರಣಿಗಳು. ಆದರೆ ಸಂಘ ಕಟ್ಟುವ ಹಕ್ಕಿನ ದೊಡ್ಡ ಪಾಠವೊಂದು ಸಿಗೋದು ಹೊಲದಲ್ಲಿ, ಡಾರ್ಸೆಟ್ ಕೌಂಟಿಯ ಟಾಲ್‌ಪಡ್ಲ್ ಎಂಬ ಪುಟ್ಟ ಹಳ್ಳಿಯಲ್ಲಿ.

1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಗಳು ದಂಗೆ ಎದ್ದು ಒಕ್ಕಣೆ ಯಂತ್ರಗಳನ್ನು ಒಡೆದಿದ್ದರು. ಚಳಿಗಾಲದಲ್ಲಿ ಅವರಿಗಿದ್ದ ಕೆಲಸವೇ ಕೈಯಲ್ಲಿ ಒಕ್ಕುವುದು. ಅದನ್ನೂ ಯಂತ್ರ ಕಿತ್ತುಕೊಂಡಿತ್ತು. ಸರ್ಕಾರ ಕೆಲವರನ್ನು ಗಲ್ಲಿಗೇರಿಸಿತು, ನೂರಾರು ಜನರನ್ನು ಗಡೀಪಾರು ಮಾಡಿತು.

ಟಾಲ್‌ಪಡ್ಲ್‌ನಲ್ಲಿ ವಾರದ ಕೂಲಿ 9 ಶಿಲಿಂಗಿನಿಂದ 8ಕ್ಕೆ, ಆಮೇಲೆ 7ಕ್ಕೆ ಇಳಿಯಿತು. ಇನ್ನು 6 ಮಾತ್ರ ಅಂದರು ಮಾಲೀಕರು. ಇದರಲ್ಲಿ ಸಂಸಾರ ಸಾಗಿಸೋದು ಹೇಗೆ? ಮೆಥಡಿಸ್ಟ್ ಬೋಧಕನೂ ಆಗಿದ್ದ ಜಾರ್ಜ್ ಲವ್‌ಲೆಸ್ ಎಂಬ ಕೂಲಿ ದಂಗೆಯ ದಾರಿ ಹಿಡಿಯಲಿಲ್ಲ. 1833ರಲ್ಲಿ ಸಂಗಡಿಗರನ್ನು ಸೇರಿಸಿ ಕೃಷಿ ಕಾರ್ಮಿಕರ ಸಂಘ ಕಟ್ಟಿದ.

ಇಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಸಂಘಗಳ ಮೇಲಿನ ನಿಷೇಧ 1824ರಲ್ಲೇ ಹೋಗಿತ್ತು. ಸಂಘ ಕಟ್ಟೋದು ಅಪರಾಧವೇ ಅಲ್ಲ. ಆದರೆ ಹೊಸ ಸದಸ್ಯರ ಕಣ್ಣಿಗೆ ಬಟ್ಟೆ ಕಟ್ಟಿ, ಗುಟ್ಟು ಬಿಡುವುದಿಲ್ಲ ಅಂತ ಆಣೆ ಮಾಡಿಸುತ್ತಿದ್ದರು. ವಿಷಯ ಮಾಲೀಕನ ಕಿವಿಗೆ ಬಿದ್ದರೆ ಕೆಲಸ ಹೋಗುವ ಭಯ. ಆ ಆಣೆಯನ್ನೇ ಹಿಡಿದುಕೊಂಡರು! ನೌಕಾಪಡೆಯ ಬಂಡಾಯದ ನಂತರ 1797ರಲ್ಲಿ ಮಾಡಿದ್ದ ಅಕ್ರಮ ಪ್ರಮಾಣ ಕಾಯ್ದೆಯನ್ನು ಹುಡುಕಿ ತೆಗೆದು, 1834ರ ಫೆಬ್ರವರಿಯಲ್ಲಿ ಆರು ಜನರನ್ನು ಬಂಧಿಸಿದರು. ಮಾರ್ಚ್‌ನಲ್ಲಿ ಡಾರ್ಚೆಸ್ಟರ್ ಕೋರ್ಟು ಕೊಟ್ಟ ತೀರ್ಪು: 7 ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. ನಮ್ಮಲ್ಲಿ ಕರಿನೀರಿನ ಶಿಕ್ಷೆ ಅಂತೀವಲ್ಲ, ಅಂಥದ್ದೇ.

ಏಪ್ರಿಲ್ 21ರಂದು ಲಂಡನ್ನಿನಲ್ಲಿ ಸಾವಿರಾರು ಕಾರ್ಮಿಕರು ಮೆರವಣಿಗೆ ಹೊರಟರು. ದೇಶದ ಮೂಲೆ ಮೂಲೆಯಿಂದ ಮನವಿಗಳು ಬಂದವು. 1836ರಲ್ಲಿ ಸರ್ಕಾರ ಆರೂ ಜನರಿಗೆ ಕ್ಷಮೆ ಕೊಡಲೇಬೇಕಾಯಿತು. ವಾಪಸ್ ಬಂದವರಲ್ಲಿ ಐವರು ಮುಂದೆ ಕೆನಡಾಕ್ಕೆ ವಲಸೆ ಹೋದರು. ಜೇಮ್ಸ್ ಹ್ಯಾಮೆಟ್ ಒಬ್ಬನೇ ಟಾಲ್‌ಪಡ್ಲ್‌ಗೆ ಮರಳಿ ಉಳಿದ. ಅವನ ಸಮಾಧಿ ಅಲ್ಲೇ ಇದೆ.

ಆದರೂ ಹೊಲದ ಕೂಲಿಗಳಿಗೆ ರಾಷ್ಟ್ರಮಟ್ಟದ ಸಂಘವೊಂದು ಸಿಗಲು 1872ರವರೆಗೆ ಕಾಯಬೇಕಾಯಿತು. ಜೋಸೆಫ್ ಆರ್ಚ್ ಎಂಬ ಕೂಲಿಯೇ ಅದರ ಮುಂದಾಳು. ಗಿರಣಿಯಲ್ಲಿ ಸಾವಿರ ಜನ ಒಂದೇ ಸೂರಿನಡಿ ಇರುತ್ತಾರೆ. ಹಳ್ಳಿಯಲ್ಲಿ ಕೂಲಿಗಳು ಚದುರಿರುತ್ತಾರೆ, ಎಷ್ಟೋ ಕಡೆ ವಾಸದ ಮನೆಯೂ ಮಾಲೀಕನದ್ದೇ.

ಒಂದು ಕಾಯ್ದೆ ಕೊಟ್ಟ ಹಕ್ಕನ್ನು ಇನ್ನೊಂದು ಕಾಯ್ದೆ ಸದ್ದಿಲ್ಲದೆ ಕಿತ್ತುಕೊಳ್ಳಬಹುದು ಅನ್ನೋದೇ ಈ ಪಾಠ. ನಾಳೆ ಕೆಲಸಕ್ಕೆ ಸೇರುವ ನಾವೂ ಕರಾರಿನ ಮೊದಲ ಪುಟ ನೋಡಿ ಸಹಿ ಹಾಕಿದರೆ ಸಾಲದು, ಕೊನೆಯ ಪುಟದವರೆಗೂ ಓದೋಣ. ಸಾಧ್ಯವಾದರೆ ಒಟ್ಟಿಗೆ ಕೂತು ಓದೋಣ.